ಹನ್ನೊಂದನೆಯ ಪೀಪಾಯಿ

ತಾವರಗೇರಾ
ನವೆಂಬರ್ 14, 2024

ಮಗಳು ಹೇಮಾವತಿಗೆ ನಿನ್ನ ಅಪ್ಪನ ಆಶೀರ್ವಾದ.

ಸಿದ್ದಾಪುರದಲ್ಲಿ ಭತ್ತದ ಕೊಯ್ಲು ನಡೆದಿರಬೇಕು. ಅಳಿಯಂದಿರ ಬೆನ್ನುನೋವು ಹೇಗಿದೆ? ದಸರೆಗೆ ಬರೆಯಬೇಕೆಂದುಕೊಂಡವನು ದೀಪಾವಳಿ ದಾಟಿಸಿದೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ಎರಡು ಮಾತಾಡಿ ಅವ್ವನ ಕೈಗೆ ಕೊಟ್ಟುಬಿಡುತ್ತೇನೆ. ಅದಕ್ಕೇ ಕಾಗದ ಹಿಡಿದೆ.

ವಿರುಪಾಕ್ಷಿ ಸಾಹುಕಾರರು ತಮ್ಮ ತೋಟದ ದ್ರಾಕ್ಷಿಯಿಂದ ವೈನ್ ಮಾಡಿಸುತ್ತಾರಲ್ಲ, ಅದರ ನೆಲಮಾಳಿಗೆ ಈಗ ನನ್ನ ವಶದಲ್ಲಿದೆ. ಹದಿನಾಲ್ಕು ಮರದ ಪೀಪಾಯಿ ತುಂಬ ಕೆಂಪು ವೈನ್. ಹೊಸದರಲ್ಲಿ ಅದು ಬಲು ಒರಟು, ಕಾಚು ಅಗಿದಂತೆ ನಾಲಿಗೆಯನ್ನು ಬಿಗಿಯುತ್ತದೆ. ಎರಡು ಮೂರು ವರ್ಷ ತಂಪಿನಲ್ಲಿಟ್ಟರೆ ಒಗರು ಇಳಿದು ನೇರಳೆಹಣ್ಣು, ಕರಿಮೆಣಸಿನ ವಾಸನೆ ಏಳುತ್ತದೆ. ಹದ ತಿಳಿಯಲು ಪ್ರತಿ ಪೀಪಾಯಿಯಿಂದ ಒಂದು ಗುಟುಕು ತೆಗೆದು, ಬಾಯಲ್ಲಿ ಹೊರಳಿಸಿ, ಬಕೆಟ್ಟಿಗೆ ಉಗುಳುತ್ತೇನೆ. ಕುಡಿತ ಬಿಟ್ಟು ಒಂಬತ್ತು ವರ್ಷವಾದವನಿಗೆ ಇದೇ ಕೆಲಸ ಸಿಗಬೇಕಿತ್ತೇ ಎಂದು ಜನ ನಗುತ್ತಾರೆ. ನನಗೆ ಮಾತ್ರ ಉಗುಳಿದ ಪ್ರತಿ ಸಲವೂ ಗೆದ್ದಂತೆ ಅನಿಸುತ್ತದೆ.

ಮರ ಒಂದಿಷ್ಟು ವೈನ್ ಹೀರಿಕೊಳ್ಳುತ್ತದೆ, ಅಷ್ಟನ್ನು ಮತ್ತೆ ತುಂಬಿಡುತ್ತೇವೆ. ಆದರೆ ದಸರೆಗೆ ಮುಂಚೆ ಹನ್ನೊಂದನೆಯ ಪೀಪಾಯಿ ನಾಲ್ಕು ಬೆರಳು ಇಳಿದಿತ್ತು. ತುಂಬಿದೆ. ವಾರದಲ್ಲಿ ಮತ್ತೆ ಅಷ್ಟೇ ಇಳಿಯಿತು.

“ಓಬಳೆಪ್ಪ, ಕೀಲಿ ನಿನ್ನ ಹತ್ರನ ಐತಿ. ನಾ ಏನೂ ಅನ್ನಂಗಿಲ್ಲ, ನೀನ ಹೇಳು” ಎಂದರು ಸಾಹುಕಾರರು.

ಮರುದಿನದಿಂದ ನಾನು ನೆಲಮಾಳಿಗೆಯಿಂದ ಮೇಲೆ ಬಂದಾಗಲೆಲ್ಲ ಯಾರಾದರೊಬ್ಬರು ನೆಪ ಹುಡುಕಿ ನನ್ನ ಮುಖದ ಹತ್ತಿರ ಬಂದು ಮಾತಾಡಿಸತೊಡಗಿದರು. ಮನೆಯಲ್ಲಿ ನಿನ್ನ ಅವ್ವ ರೊಟ್ಟಿ ಬಡಿಸಲು ಬಾಗಿದಾಗ ಮೂಗು ಅರಳಿಸುತ್ತಿದ್ದಳು. ವಾಸನೆ ಇದ್ದೇ ಇರುತ್ತದೆ. ಉಗುಳಿದನೋ ನುಂಗಿದನೋ ಎಂಬುದನ್ನು ವಾಸನೆ ಹೇಳುವುದಿಲ್ಲ.

ನಾನೂ ಒಬ್ಬೊಬ್ಬರನ್ನು ಕಣ್ಣಿಟ್ಟು ನೋಡತೊಡಗಿದೆ. ಬಾಟಲಿ ತೊಳೆಯುವ ಲಾಲಬೀ ದಿನಾ ಬೆಳಿಗ್ಗೆ ಒಂದು ಡಬ್ಬಿಯನ್ನು ನೆಲಮಾಳಿಗೆಯಲ್ಲಿಟ್ಟು, ಸಂಜೆ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದಳು. ಒಂದು ಸಂಜೆ ಗೇಟಿನಲ್ಲಿ, ಎಲ್ಲರೆದುರು, ಅಡ್ಡ ನಿಂತೆ.

“ಡಬ್ಬಿ ತೆಗಿ, ಲಾಲಬೀ.”

ತೆಗೆದಳು. ಒಳಗೆ ಅವಳ ತಾಯಿಯ ಇನ್ಸುಲಿನ್ ಸೀಸೆಗಳಿದ್ದವು. ಮನೆಯ ತಗಡಿನ ಕೆಳಗೆ ಹಗಲೆಲ್ಲ ಕಾದು ಕೆಡುತ್ತವೆಂದು ತಂಪಿಗೆ ತರುತ್ತಿದ್ದಳಂತೆ.

“ಓಬಳೆಪ್ಪಣ್ಣ, ಮಂದಿ ಬಾಯಿ ಮೂಸಿದಾಗ ನಿನಗ ಹೆಂಗ ಆಗಿತ್ತು? ಗೊತ್ತಿದ್ದೂ ನನಗ ಹಂಗ ಮಾಡಿದಿ” ಎಂದಳು. ದನಿ ಏರಿಸಲಿಲ್ಲ.

ಮರುದಿನ ಬೆಳಿಗ್ಗೆ ಹೋದವನೇ ಹನ್ನೊಂದನೆಯ ಪೀಪಾಯಿಯ ಅಡಿಗೆ ಅಂಗಾತ ಮಲಗಿ ಬ್ಯಾಟರಿ ಬಿಟ್ಟು ನೋಡಿದೆ. ಗೋಡೆಯ ಬದಿಯ ಹಲಗೆಯಲ್ಲಿ ಕೂದಲೆಳೆಯಂಥ ಸೀಳು. ಕೆಳಗಿನ ಉಸುಕು ಕಪ್ಪಾಗಿ ತೊಯ್ದಿತ್ತು. ಹಿಡಿ ತುಂಬಿ ಮೂಸಿದೆ, ವೈನೇ.

ಸಾಹುಕಾರರು ಆ ಉಸುಕನ್ನು ಕೈಯಲ್ಲಿ ಹಿಡಿದು ತಾವೂ ಮೂಸಿದರು. “ತಪ್ಪಾತಪಾ” ಎಂದರು. ನಾನು ಲಾಲಬೀಯ ಮನೆಗೆ ಹೋಗಿ ಅದನ್ನೇ ಹೇಳಿದೆ. ಅವಳ ತಾಯಿ ಚಹಾ ಕೊಟ್ಟರು. ಲಾಲಬೀ ಇಂದಿಗೂ ನನ್ನೊಡನೆ ಕೆಲಸದ ಮಾತಷ್ಟೇ ಆಡುತ್ತಾಳೆ.

ಹುಲಿಗೆಮ್ಮ ತಾಯಿ ನಿನ್ನ ಮನೆಯನ್ನು ತಣ್ಣಗಿಡಲಿ. ಮಕ್ಕಳ ಕೆನ್ನೆ ಸವರಿ ಅಜ್ಜನ ಮುತ್ತು ಕೊಡು.

ನಿನ್ನ ಅಪ್ಪ,
ಓಬಳೆಪ್ಪ

ತಾ.ಕ.: ಆ ದಿನಗಳಲ್ಲಿ ನೀನು ಅವ್ವನಿಗೆ ಫೋನ್ ಮಾಡಿ, “ಅಪ್ಪ ಮತ್ತ ಸುರು ಮಾಡ್ಯಾನೇನು?” ಎಂದು ಕೇಳಿದ್ದು ನನಗೆ ಕೇಳಿಸಿತು. ಪಕ್ಕದಲ್ಲೇ ಉಣ್ಣುತ್ತಿದ್ದೆ. ನಿನ್ನದು ತಪ್ಪಲ್ಲ ಮಗಳೇ. ನಿನ್ನ ಮದುವೆಯ ದಿನ ನನಗೆ ಎದ್ದು ನಿಲ್ಲಲಾಗದೆ ನಿನ್ನ ಸೋದರಮಾವ ಧಾರೆ ಎರೆದರು, ನೀನು ತಲೆ ಎತ್ತಲೇ ಇಲ್ಲ ಎಂದು ಅವ್ವ ಹೇಳಿದ್ದಷ್ಟೇ ನನಗೆ ಗೊತ್ತು. ನಾನು ಏನನ್ನೂ ನೋಡಲಿಲ್ಲ. ಮರುದಿನವೇ ಕುಡಿತ ಬಿಟ್ಟೆ, ಆದರೆ ನಿನ್ನ ಮುಂದೆ ಬಂದು ತಪ್ಪಾಯಿತು ಎನ್ನಲಿಲ್ಲ. ಈಗ ಹೇಳುತ್ತಿದ್ದೇನೆ.