ಇನ್ನೂರ ಏಳನೆಯ ಬಾಗಿಲು

ಗದಗ, ಫೆಬ್ರುವರಿ ೩೦, ೨೨೧೯

ಬಸವಂತ ಕೊಪ್ಪದ ಅವರ ಮೊಮ್ಮಕ್ಕಳಿಗೆ,

ಫೆಬ್ರುವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತೆಂದು ನಗಬೇಡಿ; ನಮ್ಮ ಕಾಲದ ಕ್ಯಾಲೆಂಡರ್ ಹಾಗಿದೆ. ಈ ಲಕೋಟೆಯನ್ನು ಕೋರ್ಟಿನವರು ನಿಮಗೆ ಕೊಡುವುದು ನಲವತ್ತು ವರ್ಷಗಳ ನಂತರ. ಅಷ್ಟರಲ್ಲಿ ನಮ್ಮ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ.

ನಿಮ್ಮ ಮುತ್ತಜ್ಜ ದ್ಯಾಮಣ್ಣನವರು ಹನ್ನೊಂದು ಓಣಿಗಳಿಗೆ ನೀರು ಬಿಡುವ ವಾಲ್‌ಮನ್ ಆಗಿದ್ದರು. ನಮಗೆ ನೀರು ಒಂಬತ್ತು ದಿನಕ್ಕೊಮ್ಮೆ. ನನ್ನ ಮಗಳ ಮದುವೆಯ ವಾರ ನಮ್ಮ ಓಣಿಯ ಪಾಳಿ ತಪ್ಪಿತು. ನೆಂಟರ ಮುಂದೆ ಮರ್ಯಾದೆ ಹೋಯಿತೆಂಬ ಸಿಟ್ಟಿನಲ್ಲಿ, ದ್ಯಾಮಣ್ಣನವರು ನಮ್ಮ ನೀರನ್ನು ತಮ್ಮ ಬೀಗರ ಓಣಿಗೆ ತಿರುಗಿಸಿದ್ದನ್ನು ಕಣ್ಣಾರೆ ಕಂಡೆನೆಂದು ಕಂಡಕಂಡವರಿಗೆ ಹೇಳಿದೆ, ದೂರನ್ನೂ ಬರೆದುಕೊಟ್ಟೆ. ನಾನು ಏನನ್ನೂ ಕಂಡಿರಲಿಲ್ಲ. ನೆಲದೊಳಗೆ ಪೈಪು ಒಡೆದದ್ದು ಎರಡು ವರ್ಷದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅವರ ಕೆಲಸ ಹೋಗಿತ್ತು, ಅವರೂ ತೀರಿಕೊಂಡಿದ್ದರು.

ಸುಳ್ಳು ಆರೋಪಕ್ಕೆ ಈಗ ಜೈಲಿಲ್ಲ. ‘ಮರುನುಡಿ’ ಎಂಬ ಶಿಕ್ಷೆಯಿದೆ. ಸುಳ್ಳನ್ನು ಕೇಳಿದ ಪ್ರತಿಯೊಬ್ಬರ ಬಳಿಗೂ ಕಾಲ್ನಡಿಗೆಯಲ್ಲಿ ಹೋಗಿ, ಅದು ಸುಳ್ಳೆಂದು ಹೇಳಿ, ಪಟ್ಟಿಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಕು. ನನ್ನ ಪಟ್ಟಿಯಲ್ಲಿ ಇನ್ನೂರ ಏಳು ಹೆಸರಿದ್ದವು. ಕೋರ್ಟಿನ ಬೇಲೀಫ ರಾಜೇಸಾಬರು ಜೊತೆಗೆ ಬಂದರು. ಗಿರಣಿಯ ಮುಂದೆ ಹೇಳಿದ್ದನ್ನು ಗಿರಣಿಯ ಮುಂದೆಯೇ ನಿಂತು ಹಿಂತೆಗೆದುಕೊಂಡೆ. ಮರೆತುಬಿಟ್ಟವರಿಗೆ ಮೊದಲು ಸುಳ್ಳನ್ನು ನೆನಪು ಮಾಡಿಕೊಟ್ಟು ಆಮೇಲೆ ಅಲ್ಲಗಳೆಯಬೇಕು. ಈ ಕಾನೂನು ಬರೆದವರು ತಾವೊಮ್ಮೆ ಸುತ್ತಿ ನೋಡಬೇಕಿತ್ತು. ಒಬ್ಬಾಕೆ ಚಹಾ ಕೊಟ್ಟು, “ಇರ್ಲಿ ಬಿಡ ಯವ್ವಾ, ಅಂವಾ ಅಂಥಾವನ ಇದ್ದ” ಎಂದರು. ಮತ್ತೆ ಮೊದಲಿನಿಂದ ಹೇಳಿದೆ. ಪಟ್ಟಿ ಮುಗಿಯುವವರೆಗೆ ನನ್ನ ಸಾಕ್ಷಿ ಎಲ್ಲಿಯೂ ನಡೆಯುವುದಿಲ್ಲ. ಮೊಮ್ಮಗಳು ಹುಟ್ಟಿದ್ದನ್ನು ಬರೆಸಲು ಹೋದಾಗಲೂ ಪಕ್ಕದ ಮನೆಯವರನ್ನು ಕರೆತರಬೇಕಾಯಿತು.

ಕೊನೆಯ ಹೆಸರು ನಿಮ್ಮ ಅಜ್ಜನದು. ಬಸವಂತ ನನ್ನ ಮಾತು ನಂಬಿ, ತಂದೆಯ ಜೊತೆ ಮಾತು ಬಿಟ್ಟು ಕುಷ್ಟಗಿಗೆ ಹೋಗಿ ನೆಲೆಸಿದ್ದರು. ನಾಲ್ಕು ದಿನ ನಡೆದು ಅವರ ಮನೆ ಮುಟ್ಟಿದೆವು. ಅವರು ಬಾಗಿಲಲ್ಲಿ ಅಡ್ಡ ನಿಂತು, ಮೆಲ್ಲಗೆ ಹೇಳಿದರು: “ಅಕ್ಕಾರ, ಊರಿಗೆಲ್ಲಾ ಹೇಳ್ರಿ, ನನಗೊಬ್ಬಂಗ ಹೇಳಬ್ಯಾಡ್ರಿ. ಅಪ್ಪನ ಮಣ್ಣಿಗೂ ನಾ ಬಂದಿಲ್ಲ. ನನ್ನ ಪಾಲಿಗೆ ಅದು ಖರೇನ ಇರ್ಲಿ.”

ಬಾಗಿಲು ಮುಚ್ಚಿಕೊಂಡಿತು. ರಾಜೇಸಾಬರು ಪಟ್ಟಿಯಲ್ಲಿ ಆ ಹೆಸರಿನ ಮುಂದೆ ‘ಒಲ್ಲೆನೆಂದರು’ ಎಂದು ಬರೆದುಕೊಂಡರು. ಇನ್ನೂರ ಆರು ಮನೆಗಳಲ್ಲಿ ನನಗಾಗದ ನಾಚಿಕೆ ಆ ಮನೆಯ ಕಟ್ಟೆಯ ಮೇಲೆ ಆಯಿತು.

ಸುಳ್ಳನ್ನು ಕೇಳಿದವರು ಮರುನುಡಿಯನ್ನು ಒಲ್ಲೆನೆಂದರೆ ಅವರ ಮೊಮ್ಮಕ್ಕಳಿಗೆ ಬರೆದಿಡಬೇಕೆಂಬುದು ನಿಯಮ. ಬರೆಯುತ್ತಿದ್ದೇನೆ. ದ್ಯಾಮಣ್ಣನವರು ಯಾರ ನೀರನ್ನೂ ತಿರುಗಿಸಲಿಲ್ಲ. ನಾನು ಸುಳ್ಳು ಹೇಳಿದೆ. ನೀವು ಹೆಬ್ಬೆಟ್ಟು ಒತ್ತಿದರೆ ನನ್ನ ಶಿಕ್ಷೆ ಮುಗಿಯುತ್ತದೆ. ಅಷ್ಟರಲ್ಲಿ ನಾನೇ ಮುಗಿದಿರುತ್ತೇನೆ, ಇರಲಿ.

ನಿಮ್ಮ ಅಜ್ಜ ಬದುಕಿದ್ದರೆ ಇದನ್ನು ಅವರಿಗೆ ಓದಿ ಹೇಳಬೇಡಿ. ಏನಾದರೂ ನೆಪ ಹೇಳಿ ಒಂದು ದಿನ ಗದಗಕ್ಕೆ ಕರೆತನ್ನಿ. ಅವರಪ್ಪನನ್ನು ಎಲ್ಲಿ ಮಣ್ಣು ಮಾಡಿದ್ದೇವೆಂಬುದು ಅವರಿಗೆ ಗೊತ್ತಿಲ್ಲ. ರುದ್ರಭೂಮಿಯಲ್ಲಿ, ಬೇವಿನ ಮರದಿಂದ ಮೂರನೆಯದು.

ನೀಲವ್ವ ಮುಳಗುಂದ