ನೀನು ನಿಲ್ಲುತ್ತಿದ್ದ ಮೂಲೆ

ಮನೆ,
ಭಾನುವಾರ ಬೆಳಗ್ಗೆ

ಪ್ರೀತಿಯ ಅಣ್ಣಾ,

"ಸೋತವರ ಬೀದಿಯಲ್ಲಿ ಸದ್ದಿಲ್ಲ" ಎಂದೇನೋ ಒಂದು ಸಾಲು. ಎಲ್ಲಿ ಓದಿದ್ದೆನೋ, ಮುಂದಿನದು ಮರೆತೇ ಹೋಗಿದೆ. ಅದನ್ನು ಬರೆದವರು ಸೋತವರ ಬೀದಿಗೆ ಎಂದಾದರೂ ಹೋಗಿದ್ದರೇ ಎಂದು ನಿನ್ನೆ ಸಂಜೆಯಿಂದ ನನಗೆ ಅನುಮಾನ. ನಮ್ಮ ಬೀದಿಯಲ್ಲಿ ಕಿವಿ ಮುಚ್ಚಿಕೊಳ್ಳುವಷ್ಟು ಗಲಾಟೆ! ಇರಲಿ, ಮೊದಲು ನಿನ್ನ ಎದೆಯ ಹೊಲಿಗೆ ಹೇಗಿದೆ ಹೇಳು. ಅತ್ತಿಗೆಯ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತುತ್ತೀಯಂತೆ. ನಿನ್ನ ಮಗಳ ಮನೆ ತಾನೇ ಎಂದು ಸಲಿಗೆ ಬೇಡ, ಅವಳು ನಿನಗಿಂತ ಜೋರು.

ಬರುವ ವರ್ಷ ಕೋಚ್ ಆಗಿ ಮರಳುತ್ತೀಯಾ ಎಂದು ಕಾಲೇಜಿನವರು ಕೇಳಿದ್ದಾರೆ, ಉತ್ತರ ಕೊಡುವ ಮೊದಲು ಹುಡುಗಿಯರ ಫುಟ್‌ಬಾಲ್ ಹೇಗೆ ನಡೆದಿದೆ ತಿಳಿಸು ಎಂದಿದ್ದೆಯಲ್ಲ, ತಿಳಿಸುತ್ತೇನೆ. ಸೋತರು. ಆಡಿದ ಪಂದ್ಯಗಳನ್ನೆಲ್ಲ ಸೋತರು. ನೀನು ಆಸ್ಪತ್ರೆ ಸೇರಿದ ಮೇಲೆ ಬಂದ ಹೊಸ ಕೋಚ್ ಮೆಲುದನಿಯ ಹುಡುಗಿ, ಗೆರೆಯ ಹತ್ತಿರ ನಿಂತು ಕಿರುಚುವವಳಲ್ಲ. ನಮ್ಮವರಿಗೋ ನಿನ್ನ ಅಭ್ಯಾಸ. ಚೆಂಡು ಕಾಲಿಗೆ ಸಿಕ್ಕಿದ್ದೇ ತಡ, ನೀನು ಸೀಟಿ ಕಚ್ಚಿಕೊಂಡು ನಿಲ್ಲುತ್ತಿದ್ದ ಮೂಲೆಯ ಕಡೆ ತಿರುಗಿ ನೋಡುತ್ತಾರೆ. ಅಲ್ಲಿ ಯಾರಿರುತ್ತಾರೆ? ಅಷ್ಟರಲ್ಲಿ ಎದುರಿನವರು ಚೆಂಡು ಕಸಿದುಕೊಂಡು ಓಡಿರುತ್ತಾರೆ. ಈ ವಿಷಯದಲ್ಲಿ ನನ್ನ ಮಗಳೇ ಎಲ್ಲರಿಗಿಂತ ಮುಂದೆ. "ಏನ್ ಮಾಡ್ಲಿ ಅಮ್ಮ, ಮಾವ ಹೇಳ್ದೆ ಕಾಲೇ ಓಡಲ್ಲ" ಎಂದು ಬೂಟು ಬಿಚ್ಚುತ್ತಾ ಅಳುತ್ತಿದ್ದಳು.

ಕೋಚ್ ಬೈಯಲಿಲ್ಲ. ಒಂದು ದಿನ ಮನೆಗೆ ಬಂದು, "ಆಂಟಿ, ಸರ್ ಟೋಪಿ ಹಾಕ್ಕೊಂಡು ಆ ಮೂಲೇಲಿ ನಿಂತ್ಕೊಳ್ತೀರಾ? ಏನೂ ಹೇಳೋದು ಬೇಡ" ಅಂದಳು. ಆಫ್‌ಸೈಡ್ ಎಂದರೆ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಬೇಕಾಗಿದ್ದೂ ಅದೇ ಅಂತೆ, ಮೂಲೆಯಿಂದ ಏನೂ ಸಿಗದಿದ್ದರೆ ಹುಡುಗಿಯರು ತಾವೇ ಯೋಚಿಸಿ ಆಡುತ್ತಾರಂತೆ!

ನಿನ್ನ ಟೋಪಿ ನನಗೆ ಹುಬ್ಬಿನ ತನಕ ಇಳಿಯುತ್ತದೆ. ಹೊತ್ತು ಹೋಗಲೆಂದು ಕೈಯಲ್ಲೊಂದು ಕವಿತೆಯ ಪುಸ್ತಕ. ಮೊದಲ ದಿನ ನನ್ನನ್ನು ನೋಡಿದವರೆಲ್ಲ ನಕ್ಕು ನಕ್ಕೇ ಚೆಂಡು ಕಳೆದುಕೊಂಡರು. ನಿನ್ನೆ ಕೊನೆಯ ಪಂದ್ಯ. ಆಗಲೇ ನಾಲ್ಕು ಗೋಲು ತಿಂದಾಗಿತ್ತು. ಮಗಳ ಕಾಲಿಗೆ ಚೆಂಡು ಬಂದಾಗ ಎಂದಿನಂತೆ ಮೂಲೆಯ ಕಡೆ ನೋಡಿದಳಂತೆ. ನಾನು ಹಾಳೆ ತಿರುವುತ್ತಿದ್ದೆ. "ಅಯ್ಯೋ, ಈ ಅಮ್ಮ!" ಎಂದು ಅವಳು ಕೂಗಿದ್ದಕ್ಕೆ ತಲೆಯೆತ್ತುವಷ್ಟರಲ್ಲಿ ಅವಳೇ ಒದ್ದ ಚೆಂಡು ಬಲೆಯೊಳಗಿತ್ತು. ಈ ವರ್ಷದ ಮೊದಲ ಗೋಲು ಅಣ್ಣಾ! ನಮ್ಮವರು ಕುಣಿದದ್ದನ್ನು ಗೆದ್ದವರು ಬಾಯಿ ಬಿಟ್ಟುಕೊಂಡು ನೋಡಿದರು. ಮೆಲುದನಿಯವಳು ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡಿದ್ದಾಳೆ. ಹೆತ್ತ ತಾಯಿಯೇ ಗೋಲು ನೋಡಲಿಲ್ಲವೆಂದು ಮಗಳು ಮಾತ್ರ ಇನ್ನೂ ಮೂತಿ ಊದಿಸಿಕೊಂಡಿದ್ದಾಳೆ.

ಅತ್ತಿಗೆಗೆ ನನ್ನ ನೆನಪು ಹೇಳು. ಮಾತ್ರೆ ತಪ್ಪಿಸಬೇಡ.

ನಿನ್ನ,
ಪುಸ್ತಕದ ಹುಳು

ತಾ.ಕ.: ಇಷ್ಟು ಹೊತ್ತು ಹೇಳಲು ಧೈರ್ಯ ಬರಲಿಲ್ಲ. ಕಾಲೇಜಿನವರಿಗೆ ನೀನು ಹೂಂ ಅಂದರೆ ಆ ಕೋಚ್ ಹುಡುಗಿ ಹೊರಡಬೇಕಾಗುತ್ತದೆ. ಆಗುವುದಿಲ್ಲ ಎಂದು ಬರೆದುಬಿಡು ಅಣ್ಣಾ. ಆದರೆ ಮೈದಾನಕ್ಕೆ ಬಾ, ಆಟ ನೋಡಲು ಬಾ. ಇದನ್ನು ಬರೆದರೆ ನಿನ್ನ ಮನಸ್ಸಿಗೆ ನೋವಾದೀತೇನೋ ಎಂದು, ಹರಿದ ಜೆರ್ಸಿಗಳನ್ನು ಹೊಲಿದು ತಂದ ಪಕ್ಕದ ಮನೆಯ ಟೈಲರಕ್ಕನನ್ನು ಕೇಳಿದೆ. ಬಾಗಿಲಲ್ಲೇ ನಿಂತು ಅಂದರು: "ಬರೀರಿ, ಬರೀರಿ. ಸೀಟಿ ಅಲ್ಲೇ ಬಿಟ್ಟು ಬರೋಕೆ ಹೇಳಿ, ಕಡಲೆಕಾಯಿ ನಾನ್ ತರ್ತೀನಿ."