ಕುಪ್ಪಸ್ವಾಮಿಯ ಜೇಬಿನ ಫ್ಯೂಸ್

ಸೇಲಂ
೧೮-೬-೧೯೯೮

ಚಿ. ಸೌ. ಸುಪ್ರಜಾಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದ.

ನಿನ್ನ ಎರಡು ಕಾಗದ ಬಂದು ಕೂತಿವೆ. ಉತ್ತರ ಬರೆಯದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ. ‘ನಾವು ಇಲ್ಲಿ ಕ್ಷೇಮ’ ಎಂದು ಅಭ್ಯಾಸಬಲದಿಂದ ಬರೆಯಹೋಗಿ ಕೈ ತಡೆಯಿತು. ನಮ್ಮಿಬ್ಬರ ಮೈಗೇನೂ ಆಗಿಲ್ಲ, ಗಾಬರಿಯಾಗಬೇಡ.

‘ಅಪ್ಪನ ಸೋಲಾರ್ ಹೇಗಿದೆ, ಮೀಟರು ಇನ್ನೂ ಹಿಂದಕ್ಕೆ ತಿರುಗುತ್ತಿದೆಯಾ, ಬಂದಾಗ ಇವರಿಗೂ ತೋರಿಸಬೇಕು’ ಎಂದು ಬರೆದಿದ್ದೀಯ. ತೋರಿಸಲು ಏನೂ ಉಳಿದಿಲ್ಲ. ನಿನ್ನ ಅಪ್ಪ ಎಲ್ಲ ಬಿಚ್ಚಿ, ಸೋಲಾರ್ ಹಲಗೆಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಾರೆ.

ಅವರ ಸಂಭ್ರಮ ನೀನೇ ನೋಡಿದ್ದೀಯಲ್ಲ. ಪಾಲಿಟೆಕ್ನಿಕ್ಕಿನಿಂದ ರಿಟೈರಾದ ಮೇಲೆ ತೊಪ್ಪೂರಿನ ಕಡೆ ಹರಾಜಿನಲ್ಲಿ ಸಿಕ್ಕ ಹಳೇ ಹಲಗೆಗಳನ್ನು ತಂದು ತಾರಸಿಗೆ ಹಾಕಿದರು. ನಾವು ಬಳಸಿ ಮಿಕ್ಕ ಕರೆಂಟನ್ನು ಬೀದಿಯ ತಂತಿಗೇ ವಾಪಸ್ಸು ಕಳಿಸುವ ಮಿಷಿನ್ನನ್ನು ತಾವೇ ಮಾಡಿದರು. ಮೀಟರಿನ ಚಕ್ರ ಹಿಂದಕ್ಕೆ ತಿರುಗಿದ ದಿನ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಪಕ್ಕದ ಮನೆಗೆ ಒಂದು ಬಟ್ಟಲು ಕಾಫಿಪುಡಿ ಕೊಟ್ಟರೆ ಮುಖ ಸಿಂಡರಿಸುವ ಮನುಷ್ಯ ಊರಿಗೆಲ್ಲ ಕರೆಂಟು ಹಂಚಲು ಹೊರಟರಲ್ಲ ಎಂದು ನಾನು ನಕ್ಕೆ. ಇಂಥದ್ದನ್ನು ಯಾರೂ ಕಂಡು ಕೇಳಿರಲಿಲ್ಲ; ಕರೆಂಟ್ ಆಫೀಸಿನವರು ಬೇಡ ಎನ್ನಲೂ ಇಲ್ಲ, ಸರಿ ಎನ್ನಲೂ ಇಲ್ಲ.

ಲೈನ್‌ಮ್ಯಾನ್ ಕುಪ್ಪಸ್ವಾಮಿ ಮಾತ್ರ ನಗಲಿಲ್ಲ. ಕೊಳತ್ತೂರಿನ ಕಡೆಯವನು, ನಮ್ಮ ಮನೆಗೆ ಬಂದರೆ ಬಾಯಿ ತುಂಬ ತನ್ನ ಕನ್ನಡ ಆಡಿ ಹೋಗುವವನು. “ಸಾರ್, ನಾನು ಬೀದಿ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕಂಡೇ ಕಂಬ ಅತ್ತೋದು, ಯಾರೂ ತಿರುಗಿ ಆಕ್ಬಾರ್ದು ಅಂತ. ಈಗ ನಿಮ್ಮನೆ ಕಡೆಯಿಂದ್ಲೂ ಕರೆಂಟ್ ಬರ್ತೈತೆ ಅಂದ್ರೆ ನನ್ ಗತಿ ಏನು?” ಅಂದ. ಬೀದಿಯಲ್ಲಿ ಕರೆಂಟು ಹೋದರೆ ಮಿಷಿನ್ ತಾನೇ ನಿಲ್ಲುತ್ತದೆ ಎಂದು ನಿನ್ನ ಅಪ್ಪ ಮೂರು ಸಲ ಮಾಡಿ ತೋರಿಸಿದರು. “ನಂಬ್ತೀನಿ ಸಾರ್. ಆದ್ರೆ ಪೂಂಗೊಡಿ ನಂಬ್ಬೇಕಲ್ಲ” ಎಂದು ಹೆಂಡತಿಯ ಹೆಸರು ಹೇಳಿ ಆಗ ನಕ್ಕ.

ಅಂದಿನಿಂದ ನಮ್ಮ ಬೀದಿಯ ಕಂಬ ಹತ್ತುವ ಮುಂಚೆ ಗೇಟಿನಲ್ಲಿ ನಿಂತು “ಅಮ್ಮಾ, ಫ್ಯೂಸ್!” ಎನ್ನುವನು. ನಾನು ಜಗಲಿಯ ಸ್ವಿಚ್‌ಬೋರ್ಡಿನಿಂದ ಮಿಷಿನ್ನಿನ ಫ್ಯೂಸ್ ಕಿತ್ತು ಕೊಡುವೆ, ಅವನು ಅದನ್ನೂ ಜೇಬಿಗೆ ಹಾಕಿಕೊಳ್ಳುವನು. ಇಳಿದ ಮೇಲೆ ತಂದುಕೊಟ್ಟು, ಕಾಫಿ ಕುಡಿದು ಹೋಗುವನು. ಎರಡು ವರ್ಷ ಹೀಗೇ ನಡೆಯಿತು.

ವೈಶಾಖದಲ್ಲಿ ನಿನ್ನ ಅಜ್ಜಿಯ ಶ್ರಾದ್ಧದ ದಿನ ಬೆಳಗಿನ ಗಾಳಿಗೆ ನಮ್ಮ ಮನೆಗೆ ಬರುವ ತಂತಿ ಕಂಬದ ತುದಿಯಲ್ಲಿ ಕಿತ್ತುಹೋಗಿ ಜೋತುಬಿತ್ತು. ಆ ಸೆಕೆಯಲ್ಲಿ ಫ್ಯಾನಿಲ್ಲದೆ ಬ್ರಾಹ್ಮಣರು ಊಟಕ್ಕೆ ಹೇಗೆ ಕೂರುತ್ತಾರೆಂದು ಕುಪ್ಪಸ್ವಾಮಿ ಯಾರೂ ಕರೆಯದೆ ತಾನೇ ಬಂದ. ಬೀದಿ ಫ್ಯೂಸ್ ಕಿತ್ತು, ಏಣಿ ಹತ್ತಿ, ಆ ತಂತಿ ಹಿಡಿದ. ನಮ್ಮ ಮಿಷಿನ್ ನಿಂತಿರಲಿಲ್ಲ. ಅದನ್ನು ನಿಲ್ಲಿಸುವ ಸ್ವಿಚ್ಚಿನೊಳಗೆ ಇರುವೆ ಗೂಡು ಕಟ್ಟಿದ್ದವು. ಕರೆಂಟು ಹೊಡೆದು ಅಷ್ಟೆತ್ತರದಿಂದ ಬಿದ್ದು ಅವನ ಸೊಂಟ ಮುರಿಯಿತು, ಬಲಗೈಯ ಎರಡು ಬೆರಳು ತೆಗೆದರು. ನಿನ್ನ ಅಪ್ಪ ಶ್ರಾದ್ಧ ಅರ್ಧಕ್ಕೇ ಬಿಟ್ಟು, ಮಡಿಪಂಚೆಯಲ್ಲೇ ಓಡಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಆಸ್ಪತ್ರೆಗೆ ಹೋದರು.

ನಾಳೆ ಆಫೀಸಿನಲ್ಲಿ ವಿಚಾರಣೆ. “ಆವತ್ತು ಅವಸ್ರದಾಗ ಅಮ್ಮನ್ನ ಫ್ಯೂಸ್ ಕೇಳೋದೇ ಮರ್ತೆ” ಎಂದು ಕುಪ್ಪಸ್ವಾಮಿ ಬರೆಸಿ ರುಜು ಹಾಕಿದ್ದಾನೆ, ಎಡಗೈಯಲ್ಲಿ. ಹಾಗಾದರೆ ತಪ್ಪು ಅವನದೇ ಎಂದು ಕೆಲಸದಿಂದ ತೆಗೆಯುತ್ತಾರಂತೆ. ‘ತಪ್ಪು ನನ್ನ ಮಿಷಿನ್ನಿನದು’ ಎಂದು ನಿನ್ನ ಅಪ್ಪ ಹೇಳಲಿದ್ದಾರೆ. ‘ಕೇಳಿದ್ದರೆ ಫ್ಯೂಸ್ ಸಿಗುತ್ತಿತ್ತಲ್ಲ’ ಎಂದು ಆಫೀಸಿನವರು ಅದನ್ನು ತಳ್ಳಿಹಾಕುತ್ತಾರೆ. ಈ ಆರು ವಾರದಲ್ಲಿ ಸರಿಯಾಗಿ ಊಟ ಮಾಡಿಲ್ಲ, ಪಾಪ. ನಾನು ಕುಪ್ಪಸ್ವಾಮಿಯನ್ನು ನೋಡಲು ಹೋದರೆ ಪೂಂಗೊಡಿ ಕುರ್ಚಿ ಒರೆಸಿ ಹಾಕುತ್ತಾಳೆ, ನೀರು ಕೊಡುತ್ತಾಳೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಳೆ ನಾನೂ ಬರುತ್ತೇನೆ ಎಂದೆ. “ಅಲ್ಲಿ ನಿನಗೇನು ಕೆಲಸ?” ಎಂದರು ನಿನ್ನ ಅಪ್ಪ. ಇದೆ ಎಂದೆ.

ಮಗುವನ್ನು ಬಿಸಿಲಿಗೆ ಬಿಡಬೇಡ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ರಾಯರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನ ಅಮ್ಮ,
ಶಾಂತಾ

ವಿ.ಸೂ.: ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಅವನು ಮರೆತಿರಲಿಲ್ಲ. ಗೇಟಿನಲ್ಲಿ ನಿಂತು ಮೂರು ಸಲ ಕೂಗಿದ. ನಿನ್ನ ಅಪ್ಪ ನಡುಮನೆಯಲ್ಲಿ ಮಂತ್ರದಲ್ಲಿದ್ದರು. ನಾನು ಮಡಿಯಲ್ಲಿ ವಡೆ ಕರಿಯುತ್ತಿದ್ದೆ. ಹೊರಗೆ ಹೋಗಿ ಫ್ಯೂಸ್ ಮುಟ್ಟಿದರೆ ಮತ್ತೆ ಸ್ನಾನ, ಅಡಿಗೆಗೆ ತಡ. ಕಾಯುತ್ತಾನೆ ಬಿಡು ಎಂದುಕೊಂಡೆ. ‘ಹತ್ತಬೇಡ’ ಎಂದು ಒಳಗಿಂದಲೇ ಒಂದು ಮಾತು ಕೂಗಿದ್ದರೆ ಯಾವ ಮಡಿ ಕೆಡುತ್ತಿತ್ತು? ತಂತಿ ಹರಿದಿದ್ದರೂ ತಲೆಯ ಮೇಲೆ ದೀಪ ಉರಿಯುತ್ತಲೇ ಇತ್ತು ಸುಪ್ರಜಾ, ಸದ್ಯ ಬೆಳಕಾದರೂ ಇದೆ ಎಂದುಕೊಂಡು ವಡೆ ತಿರುವಿಹಾಕಿದೆ.

ಮೊನ್ನೆ ಪೂಂಗೊಡಿ ಒಳಗೆ ಹೋದಾಗ ಅವನು ಮೆಲ್ಲಗೆ ಅಂದ: “ನೀವು ಮಡೀಲಿದ್ರಿ ಅಮ್ಮಾ. ನಾ ಕೂಗಿದ್ದು ನಿಮ್ಗೆ ಕೇಳ್ಸಿರಾಕಿಲ್ಲ, ಬುಡಿ.”

ಕೇಳಿಸಿತ್ತು. ಮೂರು ಸಲವೂ ಕೇಳಿಸಿತ್ತು. ನಾಳೆ ಅಷ್ಟನ್ನು ಹೇಳಿ ಬರುತ್ತೇನೆ. ನಿನ್ನ ಅಪ್ಪನಿಗೂ ಅಲ್ಲೇ ಗೊತ್ತಾಗಲಿ.